ಒಂದು ದಿನಕ್ಕ ಎಷ್ಟು ರೊಟ್ಟಿ

ಹಂಗರಗಿ ಸರ್ ಬೋರ್ಡಿನ ಮ್ಯಾಲ ಬರೆದು ಹೋಗ್ಯಾರ:
'ಕಲಬುರಗಿ ಶಹರದಾಗ ದಿನಕ್ಕ ಎಷ್ಟು ಜೋಳದ ರೊಟ್ಟಿ ಮಾರಾಟ ಆಗ್ತಾವು?
ಐದು ನಿಮಿಷ. ಉತ್ತರ ಮುಖ್ಯ ಅಲ್ಲ,
ಹೆಂಗ ವಿಚಾರ ಮಾಡ್ತೀರಿ ಅನ್ನೋದು ಮುಖ್ಯ.'

ನಾಡದು ಕಂಪನಿ ಬರ್ತದ.
ಎರಡು ವರ್ಷದ ಎಂ.ಬಿ.ಎ.
ಹನ್ನೆರಡು ನಿಮಿಷದಾಗ ಮಡಚಿ ಕೊಡಬೇಕು.
ಮ್ಯಾಲಿನ ಫ್ಯಾನು ಬಿಸಿಗಾಳಿನ
ಈ ಮೂಲಿಯಿಂದ ಆ ಮೂಲಿಗೆ ಫೈಲಿನಂಗ ಸರಿಸ್ತದ,
ಸಹಿ ಮಾತ್ರ ಮಾಡಂಗಿಲ್ಲ.

ದಿಲ್‌ಶಾದ್ ಶುರು ಮಾಡಿದಳು:
ಮಂದಿ ಆರು ಲಕ್ಷ ಅಂತ ಹಿಡಿ,
ಮನಿಗೆ ಐದು. ಒಂದು ಲಕ್ಷ ಇಪ್ಪತ್ತು ಸಾವಿರ ಮನಿ.
ಹತ್ತರಾಗ ಒಂದು ಮನಿ ಕೊಂಡು ತಿಂತದ, ದಿನಾ ಹತ್ತು.
ಖಾನಾವಳಿ, ಹಾಸ್ಟೆಲು ಬ್ಯಾರೆ, ಮೂವತ್ತು ಸಾವಿರ ಸೇರಸು.
ಒಂದೂವರಿ ಲಕ್ಷ!
ಪೆನ್ನಿನ ಮುಚ್ಚಳ ಟಕ್ ಅಂತ ಹಾಕಿದಳು,
ಕೆಲಸ ಸಿಕ್ಕೇಬಿಟ್ಟಂಗ.

ನಾ ಸುಮ್ಮನಿದ್ದೆ.
ಆ ಒಂದೂವರಿ ಲಕ್ಷದಾಗ
ಇನ್ನೂರಾ ನಲವತ್ತು ನನಗ ಗುರ್ತು ಅವ.
ಬ್ರಹ್ಮಪುರದ ನಮ್ಮ ಎರಡು ಖೋಲಿ ಮನ್ಯಾಗ
ನಸುಕಿನ ನಾಕಕ್ಕೆದ್ದು ಅವ್ವ ಬಡಿಯೋವು.
ಗಡಿಯಾರ ನೋಡಾಕ ಬರೋಕಿಂತ ಮೊದಲ
ನನಗ ಆ ಸಪ್ಪಳ ಎಣಿಸಾಕ ಬರ್ತಿತ್ತು.
ಒಡೆದದ್ದು ಗಿರಾಕಿಗಲ್ಲ, ನಮ್ಮ ತಾಟಿಗೆ.
ಎರಡನೇ ಸೆಮಿಸ್ಟರಿನಾಗ 'ನಷ್ಟ' ಅಂತ ಒಂದು ಕಲಮು ಬಂತು.
ನಾನು, ನನ್ನ ತಮ್ಮ, ಇಬ್ಬರೂ
ಅದರಾಗ ಬೆಳೆದವರು.

ಬಯೋಡಾಟಾದಾಗ ಬರ್ದೀನಿ:
ತಾಯಿ: ಚಂದಮ್ಮ. ಉದ್ಯೋಗ: ಗೃಹಿಣಿ.
ಹಂಗ ಬರದ್ರ ಛಂದ ಕಾಣ್ತದ ಅಂದಿದ್ರು ಯಾರೋ.
ಹತ್ತು ಪ್ರತಿ ತೆಗಿಸೀನಿ, ದಪ್ಪ ಕಾಗದ.

ನಾಕು ಮಂದಿಗೆ ಒಂದೇ ಕೋಟು.
ಮಶಾಕ್ ಚಾಚಾ ತೋಳಿಗೆ ಕಚ್ಚಾ ಹೊಲಿಗಿ ಹಾಕ್ಯಾನ,
ದಿಲ್‌ಶಾದಳ ಪಾಳಿ ಮುಗಿದ ಮ್ಯಾಲ ಬಿಚ್ಚೋದು,
ನನ್ನ ಕೈ ಉದ್ದ.
'ನಲವತ್ತೆರಡು ಡಿಗ್ರಿಗೆ ಕೋಟು! ಯಾವ ಶ್ಯಾಣ್ಯಾನ ಹುಕುಂ ಬೇಟಿ ಇದು?'
ಅಂತ ಕೇಳಿದ. ಈ ಪ್ರಶ್ನಿಗೂ
ನಮ್ಮ ಹತ್ತಿರ ತಯಾರಿ ಇದ್ದಿದ್ದಿಲ್ಲ.

ರಾತ್ರಿ ಪೂರ್ತಿ 'ನಿಮ್ಮ ಬಗ್ಗೆ ಹೇಳಿ'
ಕನ್ನಡಿ ಮುಂದ ನಿಂತು ಹೇಳಿದೆ.
ಒಂದೂವರಿ ನಿಮಿಷಕ್ಕ ಸರಿಯಾಗಿ ಮುಗೀತದ ನಾನು.
ನಾಕು ಹೊಡೀತು. ಒಲಿ ಹತ್ತಿತು.
'ಅವ್ವಾ, ನಮ್ಮೂರಾಗ ದಿನಕ್ಕ ಎಷ್ಟು ರೊಟ್ಟಿ ಮಾರ್ತಾವು?'

ಕೈ ನಿಲ್ಲಿಸಲಿಲ್ಲ ಆಕಿ.
'ಯಾವ ದಿನ?'

ಯಾವ ದಿನ ಅಂದ್ರ?

'ಸೋಮವಾರಾ? ಶ್ರಾವಣಾ?
ರಂಜಾನ್ ತಿಂಗಳಾ, ಉರುಸಾ?
ಲಗ್ನದ ಸುಗ್ಗಿಯಾ?
ಪರೀಕ್ಷಿ ಮುಗಿದು ಪೋರಗೋಳು ಊರಿಗೆ ಹೋದ ವಾರಾ?
ದಿನ ಕೇಳದ ಹಿಟ್ಟು ನಾದಿದವರು
ಧಂದಾ ಮಾಡಂಗಿಲ್ಲ ನೋಡು.'

ಸುರಿದ ಹಿಟ್ಟು ಅಂಗೈಲಿ ಒತ್ತಿ ಮತ್ತ ಹೇಳಿದಳು:
ಜೋಳ ಕ್ವಿಂಟಲ್‌ಗೆ ಇನ್ನೂರು ಏರಿದ್ರ
ರೇಟು ಏರಸಬಾರದು,
ರೊಟ್ಟಿ ಒಂದು ಬೆರಳು ಇಳಿಸಬೇಕು, ಅದೂ ಅಮಾಸಿ ಆದ ಮ್ಯಾಲ.
ಇದರ ಮ್ಯಾಲ ನಮಗ ಹೋದ ವರ್ಷ
ಒಂದು ಇಡೀ ಅಧ್ಯಾಯ ಇತ್ತು. ನನಗ ಅದರಾಗ
ನೂರಕ್ಕ ಐವತ್ತೊಂದು.

ಮುಂಜಾನಿ ಸೈಬರಿನವ ಶಟರ್ ಎತ್ತೋದು ಕಾಯ್ದು
ಒಂದೇ ಒಂದು ಪ್ರತಿ ಹೊಸದು ತೆಗಿಸಿದೆ.
ಉದ್ಯೋಗ: ರೊಟ್ಟಿ ವ್ಯಾಪಾರ, ಹತ್ತೊಂಬತ್ತು ವರ್ಷ.
ಹಳೇವು ಹತ್ತು, ಹೊಸದು ಒಂದು,
ಫೈಲಿನಾಗ ಯಾವುದು ಮ್ಯಾಲ, ಯಾವುದು ಕೆಳಗ,
ಇನ್ನೂ ಅದಲು ಬದಲು ಮಾಡಕತ್ತೀನಿ.

ಕನ್ನಡಿ ಮುಂದ ಮತ್ತ ನಿಂತು
'ಯಾವ ದಿನಾ ರೀ ಸರ್?' ಅಂತೀನಿ.
ಒಮ್ಮೆ ಉದ್ಧಟ ಕೇಳಸ್ತದ.
ಒಮ್ಮೆ ಅಂಜಿದಂಗ.
ಮೂರನೇ ಸಲ ಥೇಟ್ ಅವ್ವನ ದನಿ ಬಂತು, ಗಾಬರಿ ಆಗಿ ನಕ್ಕೆ.
ಒಳಗಿಂದ ಆಕಿ ಕೂಗಿದಳು:
ಬೆಳಕಾಗೇದ, ಲೈಟ್ ಆರಸು,
ಬಿಲ್ ಯಾವ ಕಂಪನಿ ಕಟ್ತದ?